ಕಣ್ಣು ಮಂಜಾಗುವ ಮುನ್ನ: ಮಿಥೆನಾಲ್ ವಿಷಕ್ಕೆ ಮದ್ದಿದೆ, ಹೊತ್ತು ಮೀರಬಾರದು

ಕಲಬೆರಕೆ ಮದ್ಯ ಕುಡಿದವರಲ್ಲಿ ಹೆಚ್ಚಿನವರು ಆ ರಾತ್ರಿ ಚೆನ್ನಾಗಿಯೇ ಇರುತ್ತಾರೆ. ಉಂಡು ಮಲಗುತ್ತಾರೆ. ಬೆಳಿಗ್ಗೆ ತಲೆ ಭಾರ, ಹೊಟ್ಟೆ ತೊಳಸು. ‘ನಿನ್ನೆ ಜಾಸ್ತಿ ಆಯ್ತು’ ಎಂದು ಮನೆಯವರು ಮಜ್ಜಿಗೆಯನ್ನೋ ನಿಂಬೆ ಪಾನಕವನ್ನೋ ಕೊಟ್ಟು ಮತ್ತೆ ಮಲಗಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಏದುಸಿರು, ಹೊಟ್ಟೆನೋವು, ಕಣ್ಣೆದುರು ಬೆಳ್ಳನೆಯ ಮಂಜು. ಆಮೇಲೆ ಆಂಬುಲೆನ್ಸ್‌ಗೆ ಫೋನು.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಈ ವಿಷವೇ. ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತದ್ದೂ ಇದರಿಂದಲೇ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನರ ಜೀವ ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ಗೆ ಪ್ರವಾಸ ಹೋಗಿದ್ದ ಆರು ವಿದೇಶಿಯರು ತೀರಿಕೊಂಡರು. ಎಲ್ಲ ಕಡೆಯೂ ಹೆಸರು ಒಂದೇ: ಮಿಥೆನಾಲ್, ಅಂದರೆ ಮೀಥೈಲ್ ಆಲ್ಕೊಹಾಲ್. ಥಿನ್ನರ್, ಪಾಲಿಶ್, ಕಾರ್ಖಾನೆಯ ದ್ರಾವಕಗಳಲ್ಲಿ ಇರುವ ಅಗ್ಗದ ಸ್ಪಿರಿಟ್ ಇದು. ಬಣ್ಣವಿಲ್ಲ. ವಾಸನೆ, ರುಚಿಗಳಿಂದ ಕುಡಿಯುವವನಿಗೆ ಗುರುತೂ ಸಿಗುವುದಿಲ್ಲ.

ಈ ವಿಷಕ್ಕೆ ಮದ್ದಿದೆ, ಅದು ಕೆಲಸವನ್ನೂ ಮಾಡುತ್ತದೆ. ಮದ್ದು ಫಲಿಸುವ ಅರ್ಧ ದಿನವನ್ನು ನಾವು ಮಜ್ಜಿಗೆ ಕುಡಿಸುತ್ತಾ ಕಳೆದುಬಿಡುತ್ತೇವೆ, ತೊಂದರೆ ಇರುವುದು ಅಲ್ಲಿ.

ತಡವಾಗಿ ಕೊಲ್ಲುವುದೇಕೆ?

ಮಿಥೆನಾಲ್ ತಾನಾಗಿ ಅಷ್ಟೇನೂ ಘೋರ ವಿಷವಲ್ಲ. ನಮ್ಮದೇ ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಚಗಳಿ ಇರುವೆಯ ಉರಿಯಲ್ಲಿರುವುದೂ ಇದೇ ಆಮ್ಲ. ಇದು ರಕ್ತದಲ್ಲಿ ಸೇರುತ್ತಾ ಹೋದಂತೆ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲಾರದೆ ಹೋಗುತ್ತವೆ. ಮೊದಲು ಪೆಟ್ಟು ಬೀಳುವುದು ಕಣ್ಣಿನ ನರಕ್ಕೆ, ಜೊತೆಗೆ ಮೆದುಳಿನ ಒಳಭಾಗಕ್ಕೆ. ಆಮ್ಲ ಈ ಮಟ್ಟಕ್ಕೆ ಬರಲು ಸಾಮಾನ್ಯವಾಗಿ 12ರಿಂದ 24 ಗಂಟೆ ಹಿಡಿಯುತ್ತದೆ. ಶುದ್ಧ ಮಿಥೆನಾಲ್ 10 ಮಿ.ಲೀ. ಹೊಟ್ಟೆ ಸೇರಿದರೂ ದೃಷ್ಟಿ ಹೋಗಬಹುದು, 30 ಮಿ.ಲೀ. ಜೀವ ತೆಗೆಯಬಹುದು.

ಈ ಪರಿವರ್ತನೆ ಮಾಡುವುದು ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ. ಬಾರ್‌ನಲ್ಲಿ ಸಿಗುವ ಮಾಮೂಲಿ ಮದ್ಯದ ಎಥೆನಾಲ್ ಅನ್ನು ಕರಗಿಸುವುದೂ ಅದೇ. ನ್ಯಾಯಬೆಲೆ ಅಂಗಡಿಯಲ್ಲಿ ಒಂದೇ ಕೌಂಟರ್ ಇದೆ ಎಂದುಕೊಳ್ಳಿ. ಎಥೆನಾಲ್ ಬಂದರೆ ಕೌಂಟರಿನವನು ಮೊದಲು ಅದಕ್ಕೇ ಕೊಡುತ್ತಾನೆ, ಮಿಥೆನಾಲ್ ಸಾಲಿನಲ್ಲೇ ನಿಂತಿರುತ್ತದೆ. ಕಿಣ್ವಕ್ಕೆ ಎಥೆನಾಲ್ ಮೇಲೆ ಹತ್ತಿಪ್ಪತ್ತು ಪಟ್ಟು ಹೆಚ್ಚು ಒಲವು. ಕಾದು ನಿಂತ ಮಿಥೆನಾಲ್ ನಿಧಾನವಾಗಿ ಉಸಿರಿನಲ್ಲಿ, ಮೂತ್ರದಲ್ಲಿ ಹೊರಹೋಗುತ್ತದೆ, ಇಲ್ಲವೇ ಡಯಾಲಿಸಿಸ್ ಅದನ್ನು ತೆಗೆಯುತ್ತದೆ. ಚಿಕಿತ್ಸೆಯ ತಿರುಳು ಇಷ್ಟೇ: ಕೌಂಟರ್ ಮುಚ್ಚಿಸುವುದು. ಆದರೆ ಅಷ್ಟರಲ್ಲಾಗಲೇ ತಯಾರಾದ ಆಮ್ಲವನ್ನು ಈ ಮದ್ದು ತೆಗೆಯಲಾರದು. ಬೇಗ ಹೋಗಬೇಕು ಎನ್ನುವುದು ಈ ಕಾರಣಕ್ಕೆ.

ಇನ್ನೊಂದು ಮೋಸವಿದೆ. ಪ್ಯಾಕೆಟ್‌ನಲ್ಲಿ ಎಥೆನಾಲ್ ಕೂಡ ಬೆರೆತಿದ್ದರೆ, ಅಥವಾ ಅದರ ಹಿಂದೆಯೇ ಬೇರೆ ಬಾಟಲಿ ಕುಡಿದಿದ್ದರೆ, ಲಕ್ಷಣಗಳು ಇನ್ನೂ ತಡವಾಗುತ್ತವೆ. ‘ಒಂದು ದಿನ ಕಳೆಯಿತು, ಏನೂ ಆಗಿಲ್ಲವಲ್ಲ’ ಎಂದು ನಿರಾಳವಾಗುವಂತಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

ಮೊದಲು ಅನುಮಾನ ಪಡುವುದನ್ನು ಕಲಿಯಬೇಕು. ಕುಡಿದ ಮರುದಿನದ ಮಾಮೂಲಿ ತಲೆನೋವು ಗಂಟೆ ಕಳೆದಂತೆ ಇಳಿಯುತ್ತದೆ, ಇದು ಏರುತ್ತದೆ. ಅಮಲು ಇಳಿದ ಮೇಲೆ ಶುರುವಾದ ವಾಂತಿ, ತಡೆಯಲಾಗದ ಹೊಟ್ಟೆನೋವು, ಓಡಿ ಬಂದವರಂತೆ ಜೋರಾದ ಆಳದ ಉಸಿರು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ಎಲ್ಲವೂ ಮಸುಕು. ಇದರಲ್ಲಿ ಕಣ್ಣಿನ ದೂರೊಂದೇ ಇದ್ದರೂ ಸಾಕು, ಹೊರಡಿ. ಎಲ್ಲಿ ಕೊಂಡದ್ದೆಂದು ಗೊತ್ತಿಲ್ಲದ, ಲೇಬಲ್ ಇಲ್ಲದ, ಸೀಲ್ ಒಡೆದ ಮದ್ಯ ಕುಡಿದಿದ್ದರೆ ಲಕ್ಷಣಗಳಿಗೆ ಕಾಯಲೇಬೇಡಿ. ಜೊತೆಗೆ ಕುಡಿದವರಲ್ಲಿ ಒಬ್ಬ ಆಸ್ಪತ್ರೆ ಸೇರಿದ್ದಾನೆ ಎಂದರೆ ಉಳಿದವರೆಲ್ಲ ಹೋಗಬೇಕು. ‘ನನಗೇನೂ ಆಗಿಲ್ಲ’ ಎನ್ನುವವನಿಗೇ ಮದ್ದಿನಿಂದ ಅತಿ ಹೆಚ್ಚು ಪ್ರಯೋಜನ. ಊರಿನಲ್ಲಿ ಸಾವಿನ ಸುದ್ದಿ ಹಬ್ಬಿದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹುಡುಕಬೇಕಾದ್ದು ಇಂಥವರನ್ನೇ.

108ಕ್ಕೆ ಕರೆ ಮಾಡುವಾಗ ‘ಕುಡಿದು ಬಿದ್ದಿದ್ದಾನೆ’ ಎನ್ನಬೇಡಿ. ‘ವಿಷದ ಮದ್ಯ ಕುಡಿದ ಅನುಮಾನ, ಕಣ್ಣು ಕಾಣ್ತಿಲ್ಲ’ ಎನ್ನಿ. ಕೇಳುವವರ ಕಿವಿ ನೆಟ್ಟಗಾಗುವುದು ಎರಡನೆಯ ಮಾತಿಗೆ. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117 ದಿನದ 24 ಗಂಟೆಯೂ ಇರುತ್ತದೆ. ವೈದ್ಯರೂ ಕರೆ ಮಾಡಿ ಸಲಹೆ ಪಡೆಯಬಹುದು.

ಗಾಡಿ ಬರುವ ತನಕ ಮಂಪರಿನಲ್ಲಿರುವವರನ್ನು ಎಡಮಗ್ಗುಲಿಗೆ ಮಲಗಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಸಾವಿಗೆ ದಾರಿ, ಮೇಲಾಗಿ ಹೊಟ್ಟೆಯಲ್ಲಿದ್ದ ಆಲ್ಕೊಹಾಲ್ ಅಷ್ಟರಲ್ಲಿ ರಕ್ತ ಸೇರಿರುತ್ತದೆ. ಇದ್ದಿಲು ಪುಡಿಯೂ ಆಲ್ಕೊಹಾಲನ್ನು ಹಿಡಿಯುವುದಿಲ್ಲ.

ಇಷ್ಟು ಓದಿದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಎಥೆನಾಲೇ ಮದ್ದು ಎಂದಮೇಲೆ ಬೀರುವಿನಲ್ಲಿರುವ ಒಳ್ಳೆಯ ವಿಸ್ಕಿ ಕುಡಿಸಿದರಾಯಿತಲ್ಲ? ಬೇಡ. ರಕ್ತದಲ್ಲಿ ಅದರ ಮಟ್ಟ ಒಂದು ಗೆರೆಯ ಮೇಲೆ ದಿನಗಟ್ಟಲೆ ನಿಲ್ಲಬೇಕು. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಉಸಿರು ನಿಲ್ಲುತ್ತದೆ, ನಡುವೆ ಸಕ್ಕರೆ ಅಂಶ ಕುಸಿಯುತ್ತದೆ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಸುರಿದದ್ದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಕುಡಿಸಿದ್ದರಿಂದ ಲಕ್ಷಣ ಮರೆಯಾಗಿ, ಮನೆಯವರು ಆಸ್ಪತ್ರೆಗೆ ಹೋಗುವುದನ್ನೇ ಕೈಬಿಟ್ಟರಂತೂ ಮುಗಿಯಿತು.

ಉಳಿದ ಮದ್ಯ, ಪ್ಯಾಕೆಟ್, ಬಾಟಲಿ ಚೆಲ್ಲಬೇಡಿ, ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು, ಯಾರು ಯಾರು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಪೊಲೀಸ್ ಕೇಸಿನ ಭಯದಿಂದ ‘ಬರೀ ಗ್ಯಾಸ್ಟ್ರಿಕ್’ ಎಂದು ಸುಳ್ಳು ಹೇಳಿ ಜೀವ ಕಳೆದುಕೊಳ್ಳಬೇಡಿ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ದಾಖಲಿಸುವುದು ನಿಜ. ಆದರೆ ಕಾನೂನಿನ ವಿಧಿವಿಧಾನಗಳಿಗೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಆಸ್ಪತ್ರೆಯೊಳಗೆ

ಇಲ್ಲಿಂದ ಮುಂದಿನದು ವೈದ್ಯರ ಕೆಲಸ. ಆದರೂ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಒಳಗೇನು ನಡೆಯುತ್ತಿದೆ ಎಂದು ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು ಉಸಿರು, ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಆಮ್ಲೀಯತೆ ಪರೀಕ್ಷಿಸುತ್ತಾರೆ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕಾದ್ದು. ಅದು 7.3ಕ್ಕಿಂತ ಕೆಳಗಿಳಿದಿದ್ದರೆ ಸೋಡಿಯಂ ಬೈಕಾರ್ಬನೇಟ್ ಡ್ರಿಪ್ ಹಾಕುತ್ತಾರೆ. ಇದು ಕೇವಲ ಆಮ್ಲವನ್ನು ತಣಿಸುವುದಲ್ಲ, ಫಾರ್ಮಿಕ್ ಆಮ್ಲ ಕಣ್ಣು, ಮೆದುಳುಗಳೊಳಗೆ ನುಗ್ಗುವುದನ್ನೂ ತಗ್ಗಿಸುತ್ತದೆ. ಮಿಥೆನಾಲ್ ಎಷ್ಟಿದೆ ಎಂದು ಅಳೆಯಲು ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕು, ಅದು ಬಹುತೇಕ ಆಸ್ಪತ್ರೆಗಳಲ್ಲಿಲ್ಲ. ಆ ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡುವುದೇ ಸರಿಯಾದ ಕ್ರಮ. ಆಸ್ಮೊಲಾಲಿಟಿ, ಆನಯಾನ್ ಗ್ಯಾಪ್ ಎಂಬ ಎರಡು ಲೆಕ್ಕಗಳು ದಾರಿ ತೋರುತ್ತವೆ: ಕುಡಿದ ಹೊಸದರಲ್ಲಿ ಮೊದಲನೆಯದರ ಅಂತರ ಹೆಚ್ಚು, ಆಮ್ಲ ತಯಾರಾದ ಮೇಲೆ ಎರಡನೆಯದು ಹೆಚ್ಚು. ಮೊದಲ ಪರೀಕ್ಷೆಯಲ್ಲಿ ಆಮ್ಲ ಕಾಣಲಿಲ್ಲ ಎಂಬ ಕಾರಣಕ್ಕೆ ಮನೆಗೆ ಕಳಿಸಿದರೆ, ಕೆಲವು ಗಂಟೆ ಬಿಟ್ಟು ಮತ್ತೆ ನೋಡುವಿರಾ ಎಂದು ಕೇಳಿ.

ಕೌಂಟರ್ ಮುಚ್ಚಿಸುವ ಮದ್ದುಗಳು ಎರಡು. ಉತ್ತಮವಾದದ್ದು ಫೋಮೆಪಿಜೋಲ್. ಅಮೆರಿಕದಲ್ಲಿ 1997ರಲ್ಲಿ ಎಥಿಲೀನ್ ಗ್ಲೈಕಾಲ್ ವಿಷಕ್ಕೆ, 2000ದಲ್ಲಿ ಮಿಥೆನಾಲ್‌ಗೆ ಇದಕ್ಕೆ ಒಪ್ಪಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಮೊದಲ ಡೋಸ್ ದೇಹತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 900 ಮಿ.ಗ್ರಾಂ. ಆಮೇಲೆ 12 ಗಂಟೆಗೊಮ್ಮೆ ಕಿಲೋಗೆ 10 ಮಿ.ಗ್ರಾಂನಂತೆ ನಾಲ್ಕು ಸಲ. ಇನ್ನೂ ಬೇಕಾದರೆ ಮತ್ತೆ 15. ಕನಿಷ್ಠ 100 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ ಅರ್ಧ ಗಂಟೆ ಹರಿಸುತ್ತಾರೆ. ಇದರದ್ದೊಂದು ವಿಚಿತ್ರ: ಉಷ್ಣತೆ 25 ಡಿಗ್ರಿಗಿಂತ ಇಳಿದರೆ ಸೀಸೆಯೊಳಗೆ ಗಟ್ಟಿಯಾಗಿಬಿಡುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ, ಎಸಿ ಹಾಕಿದ ಔಷಧ ಕೋಣೆಯಲ್ಲಿ ಹೀಗಾಗುವುದು ಸಹಜ. ಕೆಟ್ಟಿದೆಯೆಂದು ಎಸೆಯಬೇಕಿಲ್ಲ. ಸೀಸೆಯನ್ನು ಅಂಗೈಯಲ್ಲಿ ಹಿಡಿದುಕೊಂಡರೆ ಅಥವಾ ಬೆಚ್ಚಗಿನ ನೀರು ಹರಿಸಿದರೆ ಮತ್ತೆ ನೀರಾಗುತ್ತದೆ, ಗುಣ ಕುಂದುವುದಿಲ್ಲ. ಅಂದಹಾಗೆ ಹೊಟ್ಟೆಯುರಿಗೆ ಕೊಡುವ ಒಮೆಪ್ರಜೋಲ್ ಬೇರೆ, ಇದು ಬೇರೆ. ಕಲ್ಲಕುರಿಚಿಯ ನಂತರದ ರಾಜಕೀಯ ವಾಗ್ವಾದದಲ್ಲೇ ಈ ಎರಡು ಹೆಸರುಗಳು ಕಲಸಿಹೋಗಿದ್ದವು.

ಫೋಮೆಪಿಜೋಲ್ ದುಬಾರಿ, ಎಲ್ಲೆಡೆ ದಾಸ್ತಾನು ಇರುವುದಿಲ್ಲ. ಆಗ ಎಥೆನಾಲ್. ರಕ್ತನಾಳಕ್ಕೆ ಕೊಡುವುದಾದರೆ ಶೇ 10ರ ದ್ರಾವಣ, ಇಲ್ಲವೇ ಮೂಗಿನ ಕೊಳವೆಯ ಮೂಲಕ ನೀರು ಬೆರೆಸಿದ ಮದ್ಯ. ಗುರಿ, ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 100ರಿಂದ 150 ಮಿ.ಗ್ರಾಂ ಎಥೆನಾಲ್ ಸತತವಾಗಿ ಇರುವಂತೆ ನೋಡಿಕೊಳ್ಳುವುದು. ರೋಗಿ ದಿನವಿಡೀ ಅಮಲಿನಲ್ಲೇ ಇರುತ್ತಾರೆ, ಪದೇ ಪದೇ ರಕ್ತ ಪರೀಕ್ಷೆ ಬೇಕು, ಮಕ್ಕಳಲ್ಲಿ ಸಕ್ಕರೆ ಅಂಶ ಇಳಿಯುವ ಅಪಾಯ ಹೆಚ್ಚು. ನರ್ಸ್‌ಗಳಿಗೆ ದುಪ್ಪಟ್ಟು ಕೆಲಸ. ಹಾಗಿದ್ದೂ ಇದು ಜೀವ ಉಳಿಸುತ್ತದೆ. ‘ವೈದ್ಯರೇ ಹೆಂಡ ಕೊಡುತ್ತಿದ್ದಾರೆ’ ಎಂದು ಗಲಾಟೆ ಮಾಡಲು ಹೋಗಬೇಡಿ.

ತಯಾರಾಗಿಬಿಟ್ಟ ಆಮ್ಲವನ್ನು ಕರಗಿಸಲು ಫೋಲಿನಿಕ್ ಆಮ್ಲ ನೆರವಾಗುತ್ತದೆ, ವಯಸ್ಕರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 50 ಮಿ.ಗ್ರಾಂ. ಲ್ಯೂಕೊವೊರಿನ್ ಎಂಬ ಹೆಸರಿನಲ್ಲಿ ಕ್ಯಾನ್ಸರ್ ವಾರ್ಡಿನ ಔಷಧಾಲಯದಲ್ಲಿ ಇದು ಸಿಗುತ್ತದೆ. ತುರ್ತು ವಿಭಾಗದಲ್ಲಿ ಇಲ್ಲವೆಂದರೆ ಅಲ್ಲಿ ವಿಚಾರಿಸಬಹುದು.

ಪಿಎಚ್ ತೀರಾ ಇಳಿದಿದ್ದರೆ, ದೃಷ್ಟಿ ಮಂಜಾಗಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ ಡಯಾಲಿಸಿಸ್ ಮಾಡಲೇಬೇಕು. ಅದು ಮಿಥೆನಾಲನ್ನೂ ಆಮ್ಲವನ್ನೂ ಒಟ್ಟಿಗೆ ತೆಗೆಯುತ್ತದೆ. ಡಯಾಲಿಸಿಸ್ ಇಲ್ಲದೆ ಬರೀ ಮದ್ದಿನ ಮೇಲಿದ್ದರೆ ದೇಹದ ಮಿಥೆನಾಲ್ ಅರ್ಧಕ್ಕೆ ಇಳಿಯಲು ಎರಡು ದಿನದಷ್ಟು ಬೇಕು. ಕಿಡ್ನಿ ರೋಗಿಗಳಿಗೆ ಬಳಸುವ ಯಂತ್ರವೇ ಇದಕ್ಕೂ ಸಾಕು. ಜಿಲ್ಲಾಸ್ಪತ್ರೆಗಳಲ್ಲಿ, ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಅದಿದೆ. ಯಂತ್ರ ಮದ್ದನ್ನೂ ತೊಳೆದುಬಿಡುವುದರಿಂದ ಆ ಹೊತ್ತಿನಲ್ಲಿ ಫೋಮೆಪಿಜೋಲ್ ಅನ್ನು 4 ಗಂಟೆಗೊಮ್ಮೆ ಕೊಡಬೇಕಾಗುತ್ತದೆ, ಎಥೆನಾಲ್ ಆದರೆ ವೇಗ ಹೆಚ್ಚಿಸಬೇಕಾಗುತ್ತದೆ. ಒಂದೇ ರಾತ್ರಿ ನಲವತ್ತು ಜನ ಬಂದು ಯಂತ್ರ ನಾಲ್ಕೇ ಇದ್ದರೆ? ಎಲ್ಲರಿಗೂ ಮೊದಲು ಮದ್ದು ಹಾಕಿ, ಆಮ್ಲ ಹೆಚ್ಚಿರುವವರನ್ನು ಯಂತ್ರಕ್ಕೆ ಕಳಿಸುವುದೇ ದಾರಿ. ಮದ್ದು ಸಿಕ್ಕವರು ಸರದಿ ಕಾಯಬಲ್ಲರು.

ರೇಡಿಯೇಟರ್ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುಡಿದವರಿಗೂ ಇದೇ ಎರಡು ಮದ್ದುಗಳು. ಅಲ್ಲಿ ಪೆಟ್ಟು ಮೂತ್ರಪಿಂಡಕ್ಕೆ. ಅದು ಸಿಹಿಯಾಗಿರುವುದರಿಂದ ಗ್ಯಾರೇಜ್ ಇರುವ ಮನೆಗಳಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ತಂಪು ಪಾನೀಯದ ಬಾಟಲಿಗೆ ತುಂಬಿಡುವುದಂತೂ ಕೂಡದು.

ಅಪಾಯ ದಾಟಿದ ಮೇಲೆ

ದಿನಾ ಕುಡಿಯುವ ಅಭ್ಯಾಸ ಇದ್ದವರಾದರೆ ಎಷ್ಟು ವರ್ಷದಿಂದ, ದಿನಕ್ಕೆಷ್ಟು ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಫೋಮೆಪಿಜೋಲ್‌ನಲ್ಲಿ ಮದ್ಯವಿಲ್ಲ. ಹಾಗಾಗಿ ಎರಡನೇ, ಮೂರನೇ ದಿನ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾಗಬಹುದು. ಅದು ಮಿಥೆನಾಲ್‌ನದ್ದಲ್ಲ, ಮದ್ಯ ದಿಢೀರನೆ ನಿಂತದ್ದರ ಲಕ್ಷಣ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಕೆಲವರ ದೃಷ್ಟಿ ಮರಳುತ್ತದೆ, ಕೆಲವರದ್ದು ಮರಳಿದಂತೆ ಕಂಡು ಮತ್ತೆ ಕುಂದುತ್ತದೆ. ಬಿಡುಗಡೆಗೆ ಮುನ್ನ ಒಮ್ಮೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ನೇತ್ರತಜ್ಞರಿಗೆ ತೋರಿಸಿ. ಮೆದುಳಿಗೆ ಪೆಟ್ಟಾದವರಲ್ಲಿ ನಡಿಗೆ ನಿಧಾನವಾಗುವುದು, ಕೈಕಾಲು ಬಿಗಿಯುವುದು ಮೆಲ್ಲಗೆ ಶುರುವಾಗಬಹುದು, ಆಗ ನರರೋಗ ತಜ್ಞರು ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ‘ಮಿಥೆನಾಲ್ ವಿಷ’ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿಕೊಳ್ಳಿ. ದೃಷ್ಟಿ ಶಾಶ್ವತವಾಗಿ ಕುಂದಿದ್ದರೆ ಅಂಗವೈಕಲ್ಯದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕುವಾಗ, ಸರ್ಕಾರ ಪರಿಹಾರ ಘೋಷಿಸಿದ್ದರೆ ಅದನ್ನು ಪಡೆಯುವಾಗ ಆ ಚೀಟಿ ಕೈಯಲ್ಲಿರಬೇಕು.