ತರಬೇತಿ ಮುಗಿದರೂ ಕಳೆಯುವ ಲೆಕ್ಕ ತಪ್ಪುತ್ತಲೇ ಇದೆ

ಪ್ರಶ್ನೆ: ನಾನು ತಿಕೋಟಾ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಸೇವೆಗೆ ಸೇರಿ 17 ವರ್ಷವಾಯಿತು. ಮನೆ ವಿಜಯಪುರದಲ್ಲಿ, ದಿನಾ ಅಥಣಿ ರಸ್ತೆಯ ಬಸ್ಸು ಹಿಡಿಯುತ್ತೇನೆ. ನಾಲ್ಕು, ಐದನೇ ತರಗತಿಗೆ ಗಣಿತ ಹೇಳುತ್ತೇನೆ. ತರಬೇತಿಗೆ ಕರೆದಾಗಲೆಲ್ಲ ಹೋಗಿದ್ದೇನೆ, ಮೊಬೈಲಿನಲ್ಲಿ ದೀಕ್ಷಾ ಕೋರ್ಸುಗಳನ್ನೂ ಮುಗಿಸಿದ್ದೇನೆ. ಆದರೂ ಮಕ್ಕಳು ಅದೇ ಕಳೆಯುವ ಲೆಕ್ಕದಲ್ಲಿ ಅದೇ ತಪ್ಪು ಮಾಡುತ್ತಾರೆ. ಬಬಲೇಶ್ವರ ಕಡೆಯ ಶಾಲೆಗೆ ಹೋಗುವ ನನ್ನ ಗೆಳತಿಯದೂ ಇದೇ ಗೋಳು. ಇನ್ನು ನನಗೆ ಕಲಿಯಲು ಆಗುವುದಿಲ್ಲವೇನೋ ಅನ್ನಿಸುತ್ತದೆ. ಈಗ ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸರ್ ಮುಂದಿನ ತರಬೇತಿಗೆ ನೀವೇ ಸಂಪನ್ಮೂಲ ವ್ಯಕ್ತಿಯಾಗಿ ಎನ್ನುತ್ತಿದ್ದಾರೆ. ನನಗೇ ಬಾರದ್ದನ್ನು ಬೇರೆಯವರಿಗೆ ಏನೆಂದು ಹೇಳಲಿ?
— ಹೆಸರು ಬೇಡ, ವಿಜಯಪುರ

ಉತ್ತರ: ಅಕ್ಕೋರೇ, ಪತ್ರದ ಜೊತೆ ಒಬ್ಬ ಹುಡುಗನ ನೋಟ್‌ಬುಕ್ಕಿನ ಹಾಳೆ ಇಟ್ಟು ಕಳಿಸಿದ್ದು ಒಳ್ಳೆಯದಾಯಿತು. 403ರಲ್ಲಿ 158 ಕಳೆ ಅಂದರೆ ಅವನು 355 ಬರೆದಿದ್ದಾನೆ. ನೀವು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು 245 ಎಂದು ತಿದ್ದಿದ್ದೀರಿ. ಅವನು ಹೇಗೆ ಹೋದ ಎಂದು ನೋಡೋಣ. ಬಿಡಿ ಸ್ಥಾನದಲ್ಲಿ 3 ಮತ್ತು 8. ದೊಡ್ಡದರಲ್ಲಿ ಚಿಕ್ಕದನ್ನು ಕಳೆದ, 5 ಬಂತು. ಹತ್ತರ ಸ್ಥಾನದಲ್ಲಿ 0 ಮತ್ತು 5, ಮತ್ತೆ 5. ನೂರರಲ್ಲಿ 3. ಹುಡುಗ ಅಲಕ್ಷ್ಯ ಮಾಡಿಲ್ಲ, ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. 'ಯಾವತ್ತೂ ದೊಡ್ಡದರಾಗ ಸಣ್ಣದು ಕಳೀಬೇಕು' ಎಂದು ಕೆಳಗಿನ ತರಗತಿಯಲ್ಲಿ ನಾವೇ ಹೇಳಿಕೊಟ್ಟ ನಿಯಮ ಅದು! ಇದು ತಿಕೋಟಾದ ಮಕ್ಕಳ ತಪ್ಪಷ್ಟೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬಿಬ್ಬರು 1978ರಲ್ಲೇ ಮಕ್ಕಳ ಇಂಥ ತಪ್ಪುಗಳ ಜಾಡು ಹಿಡಿದು ಬರೆದಿದ್ದರು.

ನೀವು ಹೋದ ಯಾವ ತರಬೇತಿಯಲ್ಲಾದರೂ ಇಂಥ ಹಾಳೆ ತನ್ನಿ ಎಂದು ಕೇಳಿದ್ದಾರೆಯೇ? ಕೇಳಿರಲಿಕ್ಕಿಲ್ಲ. ಹಾಜರಿಗೆ ಸಹಿ, ಬಾಯಿ ತುಂಬ 'ಗುರುಮಾತೆ', ಪಿಪಿಟಿ, ಗುಂಪು ಚಟುವಟಿಕೆ, ಸ್ಕೆಚ್ ಪೆನ್ನಿನ ಚಾರ್ಟು. ರಾಜ್ಯದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ ಹೇಳುವಷ್ಟರಲ್ಲಿ ವಿಷಯ ಸೋರಿ ಸ್ಲೈಡು ಮಾತ್ರ ಉಳಿದಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆ ಬೇಕೆಂದಿತು. ಗಂಟೆ ಎಣಿಸುವುದು ಸುಲಭ, ಎಣಿಸುತ್ತಾರೆ. ದೀಕ್ಷಾದ ವಿಡಿಯೊ ಓಡಲು ಬಿಟ್ಟು ಚಪಾತಿ ಲಟ್ಟಿಸಿದವರು ನೀವೊಬ್ಬರೇ ಅಲ್ಲ ಬಿಡಿ, ಆದರೆ ಆ ಗಂಟೆಗಳನ್ನು ಕಲಿತ ಲೆಕ್ಕಕ್ಕೆ ಹಿಡಿಯಬೇಡಿ.

ತರಬೇತಿಯೇ ದಂಡ ಎಂದು ನಾನು ಹೇಳುವುದಿಲ್ಲ. ಕಾರ್ಡು ಹಿಡಿದು ಕಲಿಯುವ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಶಾಲೆಗಳನ್ನು ಕಣ್ಣಾರೆ ಕಂಡರು. ವಾಪಸು ಬಂದು ತಾವೇ ಕೂತು ತಮ್ಮ ಮಕ್ಕಳಿಗೆ ಹೊಂದುವ ಕಾರ್ಡು ಬರೆದರು, ತರಗತಿಯಲ್ಲಿ ಇಟ್ಟು ನೋಡಿದರು, ತಿದ್ದಿದರು. ಅವರಿಗೆ ಆದ ನಿಜವಾದ ತರಬೇತಿ ಆ ತಿದ್ದಾಟವೇ. 2009ರ ಹೊತ್ತಿಗೆ ನಲಿ-ಕಲಿ ರಾಜ್ಯಕ್ಕೆಲ್ಲ ಬಂದಾಗ ಕಾರ್ಡುಗಳು ಅಚ್ಚಾಗಿ ಬಂದವು. ಕೂತು ಬರೆಯುವ ಕೆಲಸ ಮಾತ್ರ ನಮ್ಮ ಪಾಲಿಗೆ ಬರಲಿಲ್ಲ.

ಆ ಕೆಲಸವನ್ನು ಸಣ್ಣದಾಗಿ ನೀವು ಶುರು ಮಾಡಬಹುದು. ನೀವೂ ಗೆಳತಿಯೂ ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಊರಿಗೆ ಬಂದಿರುತ್ತೀರಿ. ಒಬ್ಬೊಬ್ಬರು ಐದೈದು ನೋಟ್‌ಬುಕ್ ತನ್ನಿ. ಒಂದೇ ಲೆಕ್ಕ, ಒಂದೇ ಪ್ರಶ್ನೆ: ಈ ಮಗು ಏನು ಯೋಚಿಸಿ ಹೀಗೆ ಬರೆಯಿತು? ಮೇಲಧಿಕಾರಿ, ಬಡ್ತಿ, ವರ್ಗಾವಣೆಯ ಮಾತು ಆ ಒಂದು ತಾಸು ಬೇಡ. ವಾಟ್ಸ್‌ಆ್ಯಪ್ ಗುಂಪು, ಫೋಟೊ ಅಂತೂ ಬೇಡವೇ ಬೇಡ.

ಮುಂದಿನ ವಾರದ ಪಾಠವನ್ನು ಅಲ್ಲೇ ಕಟ್ಟಿ. ಉದಾಹರಣೆಗೆ, ಮಗುವಿನ ಕೈಗೆ ಕಾಗದದ ನಾಲ್ಕು ನೂರರ ನೋಟು, ಮೂರು ಒಂದರ ನಾಣ್ಯ ಕೊಟ್ಟು 158 ರೂಪಾಯಿ ಕೇಳಿ. 'ಚಿಲ್ಲರೆ ಇಲ್ಲರೀ ಅಕ್ಕೋರೆ' ಅನ್ನುತ್ತದೆ. ದ್ರಾಕ್ಷಿ ಪಡದ ಕೂಲಿ ಹಣ ಹಿಡಿದು ಅವ್ವನ ಜೊತೆ ಸಂತೆಗೆ ಹೋದ ಮಗುವಿಗೆ ನೋಟು ಮುರಿಸುವುದನ್ನು ಕಲಿಸಬೇಕಾಗಿಲ್ಲ. ಒಂದು ನೂರು ಮುರಿದು ಹತ್ತು ಹತ್ತಾಯಿತು. ಅದರಲ್ಲೊಂದು ಹತ್ತು ಮುರಿದು ಹತ್ತು ಬಿಡಿಯಾಯಿತು. ಈಗ ಕೈಯಲ್ಲಿ ಮೂರು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಇಷ್ಟಾದ ಮೇಲೆ ಹಲಗೆಯ ಮೇಲೆ ಬರೆಸಿ, ಅದಕ್ಕಿಂತ ಮೊದಲು ಬೇಡ.

ಈ ಪಾಠ ಮಾಡುವಾಗ ನಿಮ್ಮ ಶಾಲೆಯ ಒಬ್ಬ ಸಹೋದ್ಯೋಗಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿಕೊಳ್ಳಿ. ಅವರು ನಿಮ್ಮನ್ನು ನೋಡುವುದು ಬೇಡ, ಇಬ್ಬರು ಮಕ್ಕಳ ಕೈಯನ್ನು ನೋಡಿ ಬರೆದುಕೊಳ್ಳಲಿ. ಜಪಾನಿನ ಶಾಲೆಗಳಲ್ಲಿ ಇದು ನೂರು ವರ್ಷಕ್ಕೂ ಹಳೆಯ ರೂಢಿ: ಕೂಡಿ ಒಂದು ಪಾಠ ಸಿದ್ಧಮಾಡುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಪಾಠವನ್ನು ತಿದ್ದುತ್ತಾರೆ. ನಮ್ಮಲ್ಲಿ ಹಿಂದೆ ಯಾರಾದರೂ ಕೂತರೆ ತಪಾಸಣೆ ಬಂತು ಎಂದೇ ಎದೆ ಡವಗುಟ್ಟುತ್ತದೆ. ಅದಕ್ಕೇ ಮೊದಲು ನಿಮ್ಮ ತರಗತಿಗೇ ಕರೆಯಿರಿ, ಮುಖ್ಯಗುರುಗಳಿಗೆ ಮುಂಚೆಯೇ ಒಂದು ಮಾತು ಹಾಕಿರಿ.

ಇನ್ನು ಸಂಪನ್ಮೂಲ ವ್ಯಕ್ತಿಯ ಮಾತು. ಒಪ್ಪಿಕೊಳ್ಳಿ. ಎಲ್ಲ ಬಲ್ಲವರು ಬಂದು ಹೇಳಿದ ತರಬೇತಿ ನೀವು ಬೇಕಾದಷ್ಟು ಕೇಳಿದ್ದೀರಿ. ತಮ್ಮ ಮಕ್ಕಳ ತಪ್ಪನ್ನು ಮುಂದಿಟ್ಟುಕೊಂಡು ಮಾತಾಡುವವರು ಅಲ್ಲಿಗೆ ಬೇಕಾಗಿದ್ದಾರೆ. ಸಿಆರ್‌ಪಿ ಸರ್‌ಗೆ ಒಂದು ಷರತ್ತು ಹಾಕಿ: ಬರುವವರೆಲ್ಲ ಮಕ್ಕಳ ಹೆಸರು ಕಾಣದಂತೆ ಮೂರು ತಪ್ಪು ಲೆಕ್ಕದ ಹಾಳೆ ತರಬೇಕು, ಮೊದಲ ಅವಧಿ ಅದಕ್ಕೇ ಮೀಸಲು. ಉತ್ತರ ಸಿಗದ ಹಾಳೆಗಳನ್ನು ಒಟ್ಟುಮಾಡಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನ ಉಪನ್ಯಾಸಕರ ಕೈಗೆ ಕೊಡಿ. ಮುಂದಿನ ಸಲ ಏನು ಕಲಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಬೇಡಿಕೆ ಪಟ್ಟಿ ಇಲ್ಲ. ಸರ್ ಪಾಪ ಅಂಕಿಅಂಶ ತುಂಬುವುದರಲ್ಲೇ ಹೈರಾಣಾಗಿರುತ್ತಾರೆ, ಬೇಡ ಅನ್ನಲಾರರು. ಮೊದಲ ಅವಧಿ ಕೊಡಲು ಆಗದು ಅಂದರೆ ಊಟದ ನಂತರದ್ದನ್ನು ಕೇಳಿ. ಆ ಹೊತ್ತಿನಲ್ಲಿ ಪಿಪಿಟಿಯನ್ನು ಹೇಗೂ ಯಾರೂ ನೋಡುವುದಿಲ್ಲ.