ಕೈಗುಣವನ್ನು ನಂಬಿ, ಕಾಗದವನ್ನೂ ಕೇಳಿ

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಸ್ತನ ಶಸ್ತ್ರಚಿಕಿತ್ಸಕನಾಗಿದ್ದ ಇಯಾನ್ ಪ್ಯಾಟರ್ಸನ್‌ನನ್ನು ರೋಗಿಗಳು ಕಣ್ಣುಮುಚ್ಚಿ ನಂಬಿದ್ದರು. ನಗುಮುಖ, ಧೈರ್ಯ ತುಂಬುವ ಮಾತು. ಇಂಥವರು ಕೇಡು ಮಾಡಿಯಾರು ಎಂದು ಯಾರಿಗೆ ತಾನೇ ಅನ್ನಿಸೀತು? ಆದರೆ ಕ್ಯಾನ್ಸರೇ ಇಲ್ಲದವರಿಗೂ ಆತ ಕತ್ತರಿ ಹಾಕಿದ್ದ. ಕ್ಯಾನ್ಸರ್ ಇದ್ದ ಕೆಲವರಲ್ಲಿ ತೆಗೆಯಬೇಕಾದ ಅಂಗಾಂಶವನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದ. 2017ರಲ್ಲಿ 15 ವರ್ಷ ಜೈಲಾಯಿತು. ಅದೇ ವರ್ಷ ಮೇಲಿನ ಕೋರ್ಟು ಅದನ್ನು 20ಕ್ಕೆ ಏರಿಸಿತು.

ಆರೋಪ ಬಂದ ಡಾಕ್ಟರೆಲ್ಲ ತಪ್ಪಿತಸ್ಥರಲ್ಲ. ನುರಿತ ಕೈಯಲ್ಲೂ ಒಮ್ಮೊಮ್ಮೆ ತೊಡಕಾಗುತ್ತದೆ. ಹಾಗೆಂದು ‘ನಮ್ಮನ್ನು ಎಷ್ಟು ಚೆನ್ನಾಗಿ ಮಾತಾಡಿಸಿದರು’ ಎಂಬುದು ಚಿಕಿತ್ಸೆ ಸರಿಯಿತ್ತು ಎನ್ನುವುದಕ್ಕೆ ಸಾಕ್ಷಿಯಾಗದು.

ಪ್ಯಾಟರ್ಸನ್ ಪ್ರಕರಣದ ವಿಚಾರಣಾ ವರದಿ 2020ರಲ್ಲಿ ಬಂತು. ರೋಗದ ಸ್ಥಿತಿಯನ್ನು ಸರಳ ಭಾಷೆಯಲ್ಲಿ ರೋಗಿಗೇ ಬರೆದು ತಿಳಿಸಬೇಕು, ಒಪ್ಪಿಗೆಗೆ ಮೊದಲು ಯೋಚಿಸಲು ಬಿಡುವು ಕೊಡಬೇಕು ಎಂದಿತು. ಇವೆರಡನ್ನೂ ನೀವೂ ಕೇಳಿ. ತುರ್ತು ಇಲ್ಲದಿದ್ದರೆ ಒಪ್ಪಿಗೆ ಪತ್ರಕ್ಕೆ ಅಲ್ಲೇ ಸಹಿ ಹಾಕಬೇಡಿ, ಮನೆಗೆ ಹೋಗಿ ನಾಲ್ಕು ಜನರ ಜೊತೆ ಮಾತಾಡಿ. ಬಯಾಪ್ಸಿ ವರದಿಯ ಪ್ರತಿಯಷ್ಟೇ ಅಲ್ಲ, ಗಾಜಿನ ಸ್ಲೈಡ್‌ಗಳನ್ನೂ ಪಡೆದು ಇನ್ನೊಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬಹುದು. ‘ಡಾಕ್ಟರು ಬೇಜಾರು ಮಾಡಿಕೊಂಡಾರು’ ಎಂಬ ಸಂಕೋಚ ನಮ್ಮವರಿಗೆ ಹೆಚ್ಚು. ದಯವಿಟ್ಟು ಅದನ್ನು ಬಿಡಿ; ಒಳ್ಳೆಯ ಸರ್ಜನ್ ಎರಡನೇ ಅಭಿಪ್ರಾಯಕ್ಕೆ ಸಿಡಿಮಿಡಿಗೊಳ್ಳುವುದಿಲ್ಲ.

ಆಪರೇಷನ್ ಆಗಿಹೋಗಿದ್ದು, ಆಮೇಲೆ ಅನುಮಾನ ಬಂದರೆ? ದಾಖಲೆಗಳಿಗೆ ಲಿಖಿತ ಅರ್ಜಿ ಕೊಡಿ. ಭಾರತದ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ವೈದ್ಯರು ಅವನ್ನು ಕೊಡಬೇಕು. ದೂರು ಕೊಡಲು ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ.