ರಸ್ತೆಯ ಖರ್ಚು ಯಾರ ಪಾಲಿಗೆ ಎಷ್ಟು?



“ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ” ಎಂಬ ಗಾದೆ ನಮಗೆಲ್ಲ ಗೊತ್ತು. ಹತ್ತು ಜನ ಒಂದೊಂದು ಕಡ್ಡಿ ಹೊತ್ತರೆ ಯಾರಿಗೂ ಭಾರ ಇಲ್ಲ. ಆದರೆ ಒಬ್ಬೊಬ್ಬರು ಎಷ್ಟು ಕಡ್ಡಿ ಹೊರಬೇಕು? ಎಲ್ಲರೂ ಸಮನಾಗಿಯೋ, ದೊಡ್ಡವರು ಹೆಚ್ಚೋ? ಗಾದೆ ಅದನ್ನು ಹೇಳುವುದಿಲ್ಲ. ಈ ಸಲದ ಗೋಡೆ ಪತ್ರಿಕೆಗೆ ನಾನು ಇದೇ ವಿಷಯ ಆರಿಸಿಕೊಂಡಿದ್ದೇನೆ.

ಇದಕ್ಕೆ ಕಾರಣ ನನ್ನ ಸೋದರಮಾವ. ಅವರು ಅಮೆರಿಕದ ಮಿನ್ನೆಸೋಟಾ ರಾಜ್ಯದ ಒಂದು ನಗರದಲ್ಲಿ ಇದ್ದಾರೆ. ಹೋದ ತಿಂಗಳು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ, “ಅಕ್ಕಾ, ನಮ್ಮ ಬೀದಿ ರಸ್ತೆ ಕಿತ್ತು ಹೊಸದಾಗಿ ಹಾಕ್ತಾರಂತೆ. ಅದರಲ್ಲಿ ನನ್ನ ಪಾಲು ಇಷ್ಟು ಅಂತ ನಗರಸಭೆಯಿಂದ ಕಾಗದ ಬಂದಿದೆ” ಅಂದರು. ನನಗೆ ಆಶ್ಚರ್ಯವಾಯಿತು. ರಸ್ತೆ ಸರ್ಕಾರದ್ದಲ್ಲವೇ? ಮನೆಯವರು ಯಾಕೆ ಕೊಡಬೇಕು? ಮಾವ ಆ ಕಾಗದದ ಫೋಟೋ ಕಳಿಸಿದರು. ನಮ್ಮ ಗಣಿತದ ಮೇಷ್ಟ್ರು ಕೂತು ಅರ್ಥ ಹೇಳಿದರು. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

1. ವಿಶೇಷ ವಂತಿಗೆ ಎಂದರೇನು?

ನಮ್ಮ ಮನೆಗೆ ಪಂಚಾಯ್ತಿ ಕಂದಾಯ ಇದ್ದ ಹಾಗೆ ಅಲ್ಲಿಯೂ ವರ್ಷ ವರ್ಷ ಮನೆ ತೆರಿಗೆ ಇದೆ. ಅದು ಎಲ್ಲರ ಕೆಲಸಕ್ಕೆ. ಆದರೆ ಒಂದು ಬೀದಿಗೆ ರಸ್ತೆ, ಚರಂಡಿ, ಕಾಲುದಾರಿ ಮಾಡಿದಾಗ ಆ ಬೀದಿಯ ಮನೆಗಳಿಗೆ ಉಳಿದವರಿಗಿಂತ ಹೆಚ್ಚು ಲಾಭ ಆಗುತ್ತದೆ. ಮನೆಯ ಬೆಲೆ ಏರುತ್ತದೆ. ಆದ್ದರಿಂದ ಖರ್ಚಿನ ಒಂದು ಭಾಗವನ್ನು ಆ ಬೀದಿಯ ಅಕ್ಕಪಕ್ಕದ ಮಾಲೀಕರೇ ಹೊರಬೇಕು ಎನ್ನುವುದು ಅಲ್ಲಿನ ಪದ್ಧತಿ. ಇದಕ್ಕೆ ಇಂಗ್ಲಿಷಿನಲ್ಲಿ ಸ್ಪೆಷಲ್ ಅಸೆಸ್‌ಮೆಂಟ್ ಅಂತಾರೆ. ನಾನು ಇದನ್ನು ವಿಶೇಷ ವಂತಿಗೆ ಅಂತ ಕರೆಯುತ್ತೇನೆ. ಆದರೆ ನಮ್ಮೂರಿನ ಜಾತ್ರೆಯ ವಂತಿಗೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಜಾತ್ರೆಗೆ ಕೊಡದಿದ್ದರೆ ಜನ ಆಡಿಕೊಳ್ಳುತ್ತಾರೆ ಅಷ್ಟೆ. ಇದನ್ನು ಕೊಡದಿದ್ದರೆ ಬಾಕಿ ಮನೆಯ ಮೇಲೆಯೇ ಸಾಲವಾಗಿ ಕೂರುತ್ತದೆ.

2. ಪಾಲು ಹಾಕುವ ಮೂರು ವಿಧಾನಗಳು

ಮುಖ್ಯವಾಗಿ ಮೂರು ವಿಧಾನಗಳಿವೆ.

ಅ) ಮುಂಭಾಗದ ಅಳತೆ: ನಿವೇಶನ ರಸ್ತೆಯ ಪಕ್ಕಕ್ಕೆ ಎಷ್ಟು ಅಡಿ ಇದೆಯೋ ಅಷ್ಟಕ್ಕೆ ಹಣ.
ಆ) ವಿಸ್ತೀರ್ಣ: ನಿವೇಶನ ಎಷ್ಟು ಚದರ ಅಡಿ ಇದೆಯೋ ಅಷ್ಟಕ್ಕೆ ಹಣ.
ಇ) ಮನೆಗೆ ಇಷ್ಟು: ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲರಿಗೂ ಒಂದೇ.

ಕೇಳಿದರೆ ಮೂರೂ ಸರಿ ಅನ್ನಿಸುತ್ತದೆ. ಆದರೆ ಲೆಕ್ಕ ಮಾಡಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಈಗ ಒಂದು ಬೀದಿ ಇದೆ ಅಂತ ಇಟ್ಟುಕೊಳ್ಳೋಣ. ಇದರ ಅಂಕಿಗಳು ಲೆಕ್ಕಕ್ಕಾಗಿ ನಾನೇ ಮಾಡಿಕೊಂಡದ್ದು. ರಸ್ತೆಯ ಖರ್ಚು 1,20,000 ರೂಪಾಯಿ. ಅರ್ಧ ನಗರಸಭೆಯದು. ಉಳಿದ 60,000 ರೂಪಾಯಿ ನಾಲ್ಕು ಮನೆಯವರದು.

ಮೇಷ್ಟರ ಮನೆ: ರಸ್ತೆಗೆ 20 ಅಡಿ, ಒಳಕ್ಕೆ 60 ಅಡಿ. ವಿಸ್ತೀರ್ಣ 1,200 ಚದರ ಅಡಿ.
ದರ್ಜಿಯ ಮನೆ: ರಸ್ತೆಗೆ 30 ಅಡಿ, ಒಳಕ್ಕೆ 40 ಅಡಿ. ವಿಸ್ತೀರ್ಣ 1,200 ಚದರ ಅಡಿ.
ಅಂಗಡಿಯವರ ಮನೆ: ರಸ್ತೆಗೆ 40 ಅಡಿ, ಒಳಕ್ಕೆ 60 ಅಡಿ. ವಿಸ್ತೀರ್ಣ 2,400 ಚದರ ಅಡಿ.
ಹೂ ಮಾರುವ ಅಜ್ಜಿಯ ಮನೆ: ರಸ್ತೆಗೆ 60 ಅಡಿ, ಒಳಕ್ಕೆ ಬರೀ 20 ಅಡಿ. ವಿಸ್ತೀರ್ಣ 1,200 ಚದರ ಅಡಿ.

ಮೊದಲ ವಿಧಾನ: ನಾಲ್ಕೂ ಮನೆಯ ಮುಂಭಾಗ ಸೇರಿ 150 ಅಡಿ. 60,000 ಭಾಗಿಸು 150, ಅಂದರೆ ಅಡಿಗೆ 400 ರೂಪಾಯಿ. ಮೇಷ್ಟರಿಗೆ 8,000, ದರ್ಜಿಗೆ 12,000, ಅಂಗಡಿಯವರಿಗೆ 16,000, ಅಜ್ಜಿಗೆ 24,000.

ಎರಡನೇ ವಿಧಾನ: ಒಟ್ಟು ವಿಸ್ತೀರ್ಣ 6,000 ಚದರ ಅಡಿ. ಚದರ ಅಡಿಗೆ 10 ರೂಪಾಯಿ. ಅಂಗಡಿಯವರಿಗೆ 24,000. ಉಳಿದ ಮೂವರಿಗೂ ತಲಾ 12,000.

ಮೂರನೇ ವಿಧಾನ: ನಾಲ್ವರಿಗೂ ತಲಾ 15,000.

ನೋಡಿದಿರಾ? ರಸ್ತೆ ಅದೇ, ಖರ್ಚು ಅದೇ, ಮನೆಗಳೂ ಅವೇ. ಆದರೆ ಅಜ್ಜಿಯ ಪಾಲು ಒಂದು ಸಲ 24,000, ಇನ್ನೊಂದು ಸಲ 12,000, ಮತ್ತೊಂದು ಸಲ 15,000. ಮೇಷ್ಟರಿಗೆ ಮೊದಲನೆಯದೇ ಚೆನ್ನ, ಅಂಗಡಿಯವರಿಗೆ ಮೂರನೆಯದು ಚೆನ್ನ. ಪ್ರತಿಯೊಬ್ಬರೂ ತಮಗೆ ಅಗ್ಗವಾದದ್ದನ್ನೇ “ನ್ಯಾಯ” ಅಂತಾರೆ.

ಮೂಲೆ ಮನೆ ಇದ್ದರೆ ತಕರಾರು ಇನ್ನೂ ಜಾಸ್ತಿ. ಅದಕ್ಕೆ ಎರಡು ಕಡೆ ರಸ್ತೆ. ಎರಡೂ ಬದಿ ಅಳೆದರೆ ಈ ವರ್ಷ ಒಂದು ರಸ್ತೆಗೆ, ಮುಂದೆ ಇನ್ನೊಂದು ರಸ್ತೆಗೆ, ಹೀಗೆ ಎರಡು ಸಲ ಹಣ ಕಟ್ಟಬೇಕು. ಅದಕ್ಕೆ ಎಷ್ಟೋ ನಗರಗಳು ಮೂಲೆ ನಿವೇಶನಕ್ಕೆ ಬೇರೆ ನಿಯಮ ಮಾಡಿಕೊಂಡಿವೆ. ಉದ್ದದ ಬದಿಯಲ್ಲಿ ಸ್ವಲ್ಪ ಭಾಗ ಬಿಟ್ಟು ಲೆಕ್ಕ ಹಾಕುತ್ತವೆ. ನಮ್ಮ ಮಾವನದೂ ಮೂಲೆ ಮನೆಯೇ! ಅವರ ಕಾಗದದಲ್ಲಿ ಉದ್ದದ ಬದಿ ಪೂರ್ತಿ ಹಿಡಿದಿದ್ದಾರೆ.

3. ಬೇಕರ್ ಅಮ್ಮನ ಮೊಕದ್ದಮೆ

ಹಾಗಾದರೆ ನಗರಸಭೆ ಎಷ್ಟು ಬೇಕಾದರೂ ಕೇಳಬಹುದೇ? ಇಲ್ಲ. ಇದಕ್ಕೊಂದು ಹಳೆಯ ಕಥೆ ಇದೆ, ಆದರೆ ಕಟ್ಟುಕಥೆ ಅಲ್ಲ.

ಅಮೆರಿಕದ ಓಹಾಯೋ ರಾಜ್ಯದಲ್ಲಿ ನಾರ್ವುಡ್ ಎಂಬ ಊರು. ಅಲ್ಲಿ ಬೇಕರ್ ಎಂಬ ಮಹಿಳೆಯ ಜಮೀನಿನ ನಡುವೆ ರಸ್ತೆ ಮಾಡಬೇಕು ಅಂತ ಊರಿನ ಆಡಳಿತ ಜಾಗ ತೆಗೆದುಕೊಂಡಿತು. ಪರಿಹಾರ ಅಂತ 2,000 ಡಾಲರ್ ನಿಗದಿಯಾಯಿತು. ಆಮೇಲೆ ಏನು ಮಾಡಿದರು ಗೊತ್ತೇ? ರಸ್ತೆಯಿಂದ ಲಾಭ ಆಗುವುದು ಆಕೆಯ ಉಳಿದ ಜಮೀನಿಗೆ ಅಂತ ಹೇಳಿ, ಕೊಟ್ಟ 2,000 ಡಾಲರನ್ನೂ, ಅದರ ಮೇಲೆ ಕೋರ್ಟು ಕಚೇರಿ ಖರ್ಚನ್ನೂ ಸೇರಿಸಿ ಆಕೆಯ ಮೇಲೆಯೇ ಹಾಕಿದರು! ಅಂದರೆ ಜಮೀನೂ ಹೋಯಿತು, ಬಂದ ಹಣವೂ ಹೋಯಿತು, ಕೈಯಿಂದ ಬೇರೆ ಕೊಡಬೇಕು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ.

ಆಕೆ ಸುಮ್ಮನಿರಲಿಲ್ಲ. ಮೊಕದ್ದಮೆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1898ರಲ್ಲಿ ಆಕೆಯ ಪರವಾಗಿ ತೀರ್ಪು ಬಂತು. ಜಮೀನಿಗೆ ಆದ ವಿಶೇಷ ಲಾಭಕ್ಕಿಂತ ಗಣನೀಯವಾಗಿ ಹೆಚ್ಚು ವಸೂಲಿ ಮಾಡಿದರೆ, ಆ ಹೆಚ್ಚಿನಷ್ಟು ಆಸ್ತಿಯನ್ನು ಪರಿಹಾರ ಕೊಡದೆ ಕಿತ್ತುಕೊಂಡ ಹಾಗೆ ಎಂಬುದು ತೀರ್ಪಿನ ಸಾರ.

ಮೂರು ವರ್ಷದ ನಂತರ 1901ರಲ್ಲಿ ಇನ್ನೊಂದು ಮೊಕದ್ದಮೆ ಬಂತು. ಮಿಸೂರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ರಸ್ತೆಗೆ ಡಾಂಬರು ಹಾಕಿ, ಮುಂಭಾಗದ ಅಡಿಯ ಲೆಕ್ಕದಲ್ಲಿ ಮಾಲೀಕರ ಮೇಲೆ ಖರ್ಚು ಹಾಕಿದ್ದರು. ಅದು ಸರಿ ಅಂತ ಅದೇ ಸುಪ್ರೀಂ ಕೋರ್ಟು ಹೇಳಿತು. ಎರಡನ್ನೂ ಸೇರಿಸಿ ನೋಡಿದರೆ ಪಾಠ ಇಷ್ಟು: ಅಡಿ ಲೆಕ್ಕ ತಪ್ಪಲ್ಲ, ಅತಿಯಾದರೆ ತಪ್ಪು.

ನಮ್ಮ ಲೆಕ್ಕಕ್ಕೆ ವಾಪಸ್ ಬರೋಣ. ರಸ್ತೆ ಆಗುವ ಮುಂಚೆ ಹೂವಿನ ಅಜ್ಜಿಯ ಮನೆಗೆ 3,00,000 ರೂಪಾಯಿ ಬೆಲೆ, ಆದ ಮೇಲೆ 3,15,000 ಅಂತ ಇಟ್ಟುಕೊಳ್ಳಿ. ಲಾಭ 15,000. ಅಜ್ಜಿಗೆ ಬಂದ ಪಾಲು 24,000. ಮಿನ್ನೆಸೋಟಾ ಕಾನೂನಿನ ಪ್ರಕಾರ ವಂತಿಗೆ ಲಾಭವನ್ನು ಮೀರುವ ಹಾಗಿಲ್ಲ. ಆದ್ದರಿಂದ ಅಜ್ಜಿ 15,000ಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಉಳಿದ 9,000 ನಗರಸಭೆಯ ಖಜಾನೆಯಿಂದ ಬರಬೇಕು.

ಆದರೆ ಇಲ್ಲಿ ಒಂದು ಕಷ್ಟ ಇದೆ. ಮಣ್ಣಿನ ದಾರಿ ಟಾರು ರಸ್ತೆಯಾದರೆ ಮನೆಯ ಬೆಲೆ ಏರುವುದು ಎಲ್ಲರಿಗೂ ಕಾಣುತ್ತದೆ. ಇದ್ದ ಟಾರು ರಸ್ತೆಯನ್ನೇ ಕಿತ್ತು ಮತ್ತೆ ಹಾಕಿದರೆ ಎಷ್ಟು ಏರುತ್ತದೆ? ಏರಿಯೇ ಇಲ್ಲ ಅಂತ ಮಾಲೀಕರು, ಏರಿದೆ ಅಂತ ನಗರಸಭೆ. ಜಗಳ ಹೆಚ್ಚಾಗಿ ಇಲ್ಲೇ ಹುಟ್ಟುವುದು.

4. ಕಾಗದ ಬಂದ ಮೇಲೆ ಏನು ಮಾಡಬೇಕು?

ಮಿನ್ನೆಸೋಟಾದಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮ ಹೀಗಿದೆ.

ಮೊದಲು ರಸ್ತೆ ಬೇಕೋ ಬೇಡವೋ ಅನ್ನುವುದಕ್ಕೆ ಬಹಿರಂಗ ಸಭೆ. ಬೀದಿಯ ಎಲ್ಲ ಮಾಲೀಕರಿಗೂ ಕನಿಷ್ಠ 10 ದಿನ ಮುಂಚೆ ಅಂಚೆಯಲ್ಲಿ ತಿಳಿಸಬೇಕು. ನಗರಸಭೆ ತಾನಾಗಿಯೇ ರಸ್ತೆ ಮಾಡುವುದಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಒಪ್ಪಬೇಕು. ಬೀದಿಯ ಮುಂಭಾಗದ ಅಳತೆಯಲ್ಲಿ ಕನಿಷ್ಠ ಶೇಕಡಾ 35ರಷ್ಟು ಇರುವ ಮಾಲೀಕರೇ ರಸ್ತೆ ಬೇಕು ಅಂತ ಅರ್ಜಿ ಕೊಟ್ಟಿದ್ದರೆ ಬರೀ ಬಹುಮತ ಸಾಕು.

ಆಮೇಲೆ ಯಾರಿಗೆ ಎಷ್ಟು ಅನ್ನುವ ಪಟ್ಟಿ, ಅದಕ್ಕೆ ಇನ್ನೊಂದು ಸಭೆ. ಇದು ಬಹಳ ಮುಖ್ಯ. ಯಾಕಂದ್ರೆ ಆಕ್ಷೇಪಣೆಯನ್ನು ಆ ಸಭೆಯ ಒಳಗೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು. ಬರೀ ಬಾಯಲ್ಲಿ ಹೇಳಿದರೆ ಸಾಲದು. ಬರೆದು ಕೊಟ್ಟವರು ಮಾತ್ರ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ಪಟ್ಟಿ ಒಪ್ಪಿಗೆಯಾದ 30 ದಿನದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಇಲ್ಲದಿದ್ದರೆ ಹಲವು ವರ್ಷದ ಕಂತು, ಅದಕ್ಕೆ ಬಡ್ಡಿ. ಕಂತು ಮನೆ ತೆರಿಗೆಯ ಜೊತೆಯಲ್ಲೇ ಬರುತ್ತದೆ. 65 ವರ್ಷ ದಾಟಿದವರು ಮತ್ತು ಅಂಗವಿಕಲರು ಸ್ವಂತ ಮನೆಯಲ್ಲಿ ವಾಸವಿದ್ದು, ಕಟ್ಟಲು ಕಷ್ಟವಿದ್ದರೆ, ಕಂತನ್ನು ಮುಂದೂಡಲು ನಗರಸಭೆಗಳಿಗೆ ಅಧಿಕಾರ ಇದೆ. ಮಾವನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿ ಇದ್ದಾರಂತೆ. ಕಾಗದ ನೋಡಿ ಮನೆ ಮಾರಿಬಿಡುತ್ತೇನೆ ಅಂತ ಹೆದರಿದ್ದರಂತೆ. ಮಾವ ಈ ನಿಯಮ ಓದಿ ಹೇಳಿದ ಮೇಲೆ ಸಮಾಧಾನ ಆಯಿತಂತೆ. ಎರಡನೇ ಸಭೆ ಇನ್ನೂ ಆಗಿಲ್ಲ. ಮಾವ ತಮ್ಮ ಮೂಲೆ ಮನೆಯ ಆಕ್ಷೇಪಣೆಯನ್ನು ಬರೆದಿಟ್ಟಿದ್ದಾರೆ. ಅಜ್ಜಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ.

5. ಬೇರೆ ಕಡೆ ಹೇಗೆ?

ಜರ್ಮನಿಯಲ್ಲಿ ಹೊಸ ರಸ್ತೆ ಬೇರೆ, ಹಳೆ ರಸ್ತೆಯ ದುರಸ್ತಿ ಬೇರೆ. ಮೊದಲ ಸಲ ರಸ್ತೆ ಮಾಡುವಾಗ ಕನಿಷ್ಠ ಶೇಕಡಾ 10ರಷ್ಟನ್ನು ಊರಿನ ಆಡಳಿತ ಹೊರಬೇಕು, ಉಳಿದದ್ದನ್ನು ಮಾಲೀಕರ ಮೇಲೆ ಹಾಕಬಹುದು. ಹಳೆ ರಸ್ತೆಯನ್ನು ಹೊಸದು ಮಾಡಿದಾಗ ಕೇಳುವ ವಂತಿಗೆಯ ಬಗ್ಗೆ ಅಲ್ಲಿ ಜನ ಬಹಳ ಸಿಟ್ಟಾದರು. ಬವೇರಿಯಾ ರಾಜ್ಯ 2018ರಲ್ಲಿ ಅದನ್ನು ತೆಗೆದೇಹಾಕಿತು.

ನಮ್ಮ ರಾಜ್ಯದಲ್ಲೂ ಇದರ ನೆಂಟ ಒಂದಿದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ಬೆಟರ್‌ಮೆಂಟ್ ತೆರಿಗೆ ಅಂತ ಇದೆ. ಪ್ರಾಧಿಕಾರದ ಯೋಜನೆಯಿಂದ ಅಕ್ಕಪಕ್ಕದ ಜಮೀನಿನ ಬೆಲೆ ಏರಿದರೆ, ಆ ಏರಿಕೆಯಲ್ಲಿ ಒಂದು ಪಾಲು ಕೇಳುವುದು. ಅಲ್ಲಿ ಖರ್ಚನ್ನು ಹಂಚುತ್ತಾರೆ, ಇಲ್ಲಿ ಲಾಭವನ್ನು ಹಂಚುತ್ತಾರೆ. ಹಳ್ಳಿಗಳಿಗೆ 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಂಥವುಗಳಲ್ಲಿ ಸರ್ಕಾರದ ಹಣದಿಂದ ರಸ್ತೆ ಆಗುತ್ತದೆ. ಮನೆ ಮನೆಗೆ ಅಡಿ ಲೆಕ್ಕ ಹಾಕುವುದಿಲ್ಲ.

6. ನಾವು ಅಳೆದು ನೋಡಿದ್ದು

ಇದನ್ನೆಲ್ಲ ಕೇಳಿ ನಾನು ಮೇಷ್ಟ್ರಿಗೆ, “ಸಾರ್, ಮುಂಭಾಗದ ಅಳತೆಯೇ ಸರಿಯಾದ ನ್ಯಾಯ. ಎಷ್ಟು ರಸ್ತೆ ಮುಂದಿದೆಯೋ ಅಷ್ಟು ಕೊಡಬೇಕು” ಅಂದೆ. “ಹಾಗಾದ್ರೆ ನಿಮ್ಮ ಬೀದಿ ಅಳೆದುಕೊಂಡು ಬಾ” ಅಂದರು. ಭಾನುವಾರ ನಾವು ಮೂವರು ಗೆಳತಿಯರು ದರ್ಜಿಯವರ ಟೇಪು ಮತ್ತು ಬಾವಿ ಹಗ್ಗ ಹಿಡಿದು ಹೊರಟೆವು. ಪಕ್ಕದ ಮನೆ 22 ಅಡಿ. ನಮ್ಮ ಮನೆ ಮುಂದೆ 24 ಅಡಿ. ಆದರೆ ನಮ್ಮದು ಮೂಲೆ ಮನೆ, ಪಕ್ಕದ ಗೋಡೆ 51 ಅಡಿ. ಎರಡೂ ಸೇರಿ 75 ಅಡಿ! ಅಳೆದವುಗಳಲ್ಲೆಲ್ಲ ನಮ್ಮದೇ ಉದ್ದ.

ಸೋಮವಾರ ಹೋಗಿ, “ಸಾರ್, ಯೋಚನೆ ಮಾಡಿದೆ. ಮನೆಗೆ ಇಷ್ಟು ಅನ್ನೋದೇ ಸರಿ” ಅಂದೆ. ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. “ನಿಯಮ ಬದಲಾಯ್ತೋ, ನಿನ್ನ ಪಾಲು ಬದಲಾಯ್ತೋ?” ಅಂತ ಕೇಳಿದರು. ನನಗೆ ನಾಚಿಕೆಯಾಯಿತು. ಆಮೇಲೆ ಅವರು ಹೇಳಿದ ಮಾತು ಇದು: “ಟೇಪು ಹಿಡಿಯೋದಕ್ಕೆ ಮುಂಚೆ ನಿಯಮ ಬರೀಬೇಕು. ಯಾರ ಮನೆ ಎಷ್ಟು ಅಂತ ಗೊತ್ತಾದ ಮೇಲೆ ಬರೆದರೆ ಅದು ನಿಯಮ ಅಲ್ಲ, ಚೌಕಾಸಿ.”

ಈಗ ನನ್ನ ಅಭಿಪ್ರಾಯ ಇದು. ಎಲ್ಲರೂ ಓಡಾಡುವ ದೊಡ್ಡ ರಸ್ತೆಗೆ ಎಲ್ಲರ ತೆರಿಗೆಯಿಂದ ಖರ್ಚು ಮಾಡಬೇಕು. ಬೀದಿಯವರೇ ಹೆಚ್ಚು ಬಳಸುವ ಚಿಕ್ಕ ರಸ್ತೆಗೆ ಅವರು ಒಂದು ಪಾಲು ಕೊಟ್ಟರೆ ತಪ್ಪಿಲ್ಲ. ಆದರೆ ಲಾಭಕ್ಕಿಂತ ಹೆಚ್ಚು ಕೇಳಬಾರದು, ಕೈಲಾಗದವರಿಗೆ ಕಾಲಾವಕಾಶ ಇರಬೇಕು, ನಿಯಮ ಮೊದಲೇ ಎಲ್ಲರ ಮುಂದೆ ಓದಿ ಹೇಳಬೇಕು. ನಮ್ಮ ಮನೆ ಮೂಲೆ ಮನೆಯಾದರೂ ನಾನು ಇದನ್ನೇ ಹೇಳುತ್ತೇನೆ.

ಸಹಪಾಠಿಗಳಿಗೆ ಲೆಕ್ಕ: ಮಾಲೀಕರ ಒಟ್ಟು ಪಾಲು 45,000 ರೂಪಾಯಿ. ಮೂರು ಮನೆಗಳ ಮುಂಭಾಗ 15, 25 ಮತ್ತು 50 ಅಡಿ. ಅಡಿ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಎಷ್ಟು? ಮೂರನೇ ಮನೆಯ ಬೆಲೆ ಏರಿದ್ದು 20,000 ರೂಪಾಯಿ ಮಾತ್ರ. ಹಾಗಾದರೆ ನಗರಸಭೆ ಎಷ್ಟು ಹೊರಬೇಕು? ಉತ್ತರ ಮುಂದಿನ ಸಂಚಿಕೆಯಲ್ಲಿ. ಉತ್ತರ ಗೊತ್ತಾದವರು ಗೋಡೆಯ ಮೇಲೆ ಬರೆಯಬೇಡಿ, ನನ್ನ ಹತ್ತಿರ ಹೇಳಿ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ